ಹಾನ್ ಮೊದಲು ಗುಂಡು ಹೊಡೆದಿದ್ದ: ಒಂದು ಲೇಸರ್‌ಡಿಸ್ಕ್ ಪ್ಲೇಯರ್ ರಿಪೇರಿ ಕಥೆ

ಜಗಳ ಶುರುವಾಗಿದ್ದು ಮಗನಿಂದ. ಹನ್ನೊಂದು ವರ್ಷದವನು. ಒಂದು ಶುಕ್ರವಾರ ರಾತ್ರಿ ಇಬ್ಬರೂ ಕೂತು ಮೊದಲನೇ ಸ್ಟಾರ್ ವಾರ್ಸ್ ಹಾಕಿದೆವು, ಸ್ಟ್ರೀಮಿಂಗ್‌ನಲ್ಲಿ. ನಾನು ಮೊದಲೇ ಬಾಯಿ ಬಿಟ್ಟಿದ್ದೆ: "ನೋಡ್ತಾ ಇರು, ಈ ಹಾನ್ ಸೋಲೋ ಮೇಜಿನ ಕೆಳಗಿಂದ್ಲೇ ಗ್ರೀಡೋನ ಮುಗಿಸ್ತಾನೆ." ನಾಯಕರಲ್ಲೊಬ್ಬನಾದ ಹಾನ್‌ನನ್ನು ಹಿಡಿಯೋಕೆ ಬಂದ ಬಾಡಿಗೆ ಬೇಟೆಗಾರ ಗ್ರೀಡೋ ಎದುರು ಕೂತಿರೋ ಆ ದೃಶ್ಯ ಬಂತು. ಗ್ರೀಡೋ ಏನೋ ಒಂದು ಶಬ್ದ ಉಸುರಿದ, ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಗುಂಡು ಹೊಡೆದರು. ಮಗ ನನ್ನ ಕಡೆ ತಿರುಗಿ, "ಅಪ್ಪಾ, ನೀನು ಹೇಳಿದ ಹಾಗೆ ಇಲ್ವಲ್ಲ" ಅಂದ.

ಅವನ ತಪ್ಪೇನಿಲ್ಲ. 1977ರಲ್ಲಿ ಥಿಯೇಟರಿಗೆ ಬಂದಾಗ ಗುಂಡು ಹಾರಿಸಿದ್ದು ಹಾನ್ ಒಬ್ಬನೇ. 1997ರಲ್ಲಿ ತಿದ್ದಿ ಮತ್ತೆ ಬಿಡುಗಡೆ ಮಾಡಿದ ಸ್ಪೆಷಲ್ ಎಡಿಷನ್‌ನಲ್ಲಿ ಗ್ರೀಡೋ ಮೊದಲು ಹೊಡೆಯುವ ಹಾಗೆ ಮಾಡಿದರು. ಅದೂ ಮೇಜಿನಾಚೆ ಕೂತವನ ಗುರಿ ತಪ್ಪುತ್ತೆ! 2004ರ ಡಿವಿಡಿಯಲ್ಲಿ ಇಬ್ಬರದೂ ಸುಮಾರು ಒಂದೇ ಸಲ. 2019ರಲ್ಲಿ ಡಿಸ್ನಿ ಪ್ಲಸ್‌ಗೆ ಬಂದಾಗ 'ಮಕ್ಲಂಕಿ' ಅನ್ನೋ ಹೊಸ ಪದ ಸೇರಿಕೊಂಡಿತ್ತು. ನಾಲ್ಕು ಸಲ ಬಿಡುಗಡೆ, ನಾಲ್ಕು ಥರದ ಜಗಳ.

ಹಳೇದು ಎಲ್ಲಿ ಸಿಗುತ್ತೆ ಅಂತ ಹುಡುಕೋಕೆ ಕೂತರೆ ದಾರಿ ಜಾಸ್ತಿ ಇಲ್ಲ. ಒಂದು, 2006ರ ಸೆಪ್ಟೆಂಬರಿನಲ್ಲಿ ಬಂದ ಡಿವಿಡಿ. ಅದರಲ್ಲಿ ಹಳೇ ಆವೃತ್ತಿಯನ್ನು ಬೋನಸ್ ಡಿಸ್ಕ್ ಅಂತ ಕೊಟ್ಟರು. ಇನ್ನೊಂದು, 1993ರ 'ಡೆಫಿನಿಟಿವ್ ಕಲೆಕ್ಷನ್' ಅನ್ನೋ ಲೇಸರ್‌ಡಿಸ್ಕ್ ಪೆಟ್ಟಿಗೆ. ಲೇಸರ್‌ಡಿಸ್ಕ್ ಅಂದರೆ ಡಿವಿಡಿಗಿಂತ ಮುಂಚಿನ ಸಿನಿಮಾ ತಟ್ಟೆ. ಮೂರೂ ಚಿತ್ರ ಸೇರಿ ಒಂಬತ್ತು ಡಿಸ್ಕು, ಒಂದೊಂದೂ ದೋಸೆ ಕಾವಲಿಯಷ್ಟು ಅಗಲ, 30 ಸೆಂಟಿಮೀಟರು. ತಮಾಷೆ ಏನು ಗೊತ್ತಾ? 2006ರ ಡಿವಿಡಿ ಮಾಡಿದ್ದೂ ಆ 1993ರ ಲೇಸರ್‌ಡಿಸ್ಕಿಗೆ ತಯಾರಿಸಿದ ಮೂಲ ಪ್ರತಿ, ಅಂದರೆ ಮಾಸ್ಟರ್‌ನಿಂದಲೇ. ಅಗಲಪರದೆ ಟಿವಿಗೆ ಅಂತ ಹೊಂದಿಸಲೂ ಇಲ್ಲ. 480 ಸಾಲಿನ ಚೌಕದೊಳಗೆ ಚಿತ್ರಕ್ಕೆ ಸಿಗೋದು ಸುಮಾರು 272 ಸಾಲು, ಮಿಕ್ಕಿದ್ದೆಲ್ಲ ಕಪ್ಪು ಪಟ್ಟಿ. ಆ ಡಿವಿಡಿ ನನ್ನ ಹತ್ತಿರ ಆಗಲೇ ಇತ್ತು. ಹಾಗಾದರೆ ಮೂಲಕ್ಕೇ ಹೋಗೋಣ, ಡಿಸ್ಕಿನಿಂದ ನಾನೇ ತೆಗೆಯೋಣ ಅನ್ನಿಸಿತು. ಸುಮ್ನೆ ಇದ್ದಿದ್ದರೆ ಎರಡು ತಿಂಗಳ ವಾರಾಂತ್ಯ ಉಳಿಯುತ್ತಿತ್ತು.

ಪೆಟ್ಟಿಗೆ ಮನೆಗೆ ಬಂತು

ನಾವಿರೋದು ಸ್ಯಾನ್ ಹೋಸೆಯಲ್ಲಿ. ಇಲ್ಲಿ ಹಳೇ ಎಲೆಕ್ಟ್ರಾನಿಕ್ ಸಾಮಾನಿಗೆ ಬರವಿಲ್ಲ. ಯಾರೋ ಮನೆ ಖಾಲಿ ಮಾಡುವಾಗ ಮಾರುತ್ತಿದ್ದ ಪ್ಲೇಯರ್ 25 ಡಾಲರಿಗೆ ಸಿಕ್ಕಿತು. "ಕೆಲಸ ಮಾಡುತ್ತೆ ಅಂತ ಗ್ಯಾರಂಟಿ ಇಲ್ಲ" ಅಂದರು, ನಿಜವನ್ನೇ ಹೇಳಿದ್ದರು. ಡಿಸ್ಕುಗಳ ಪೆಟ್ಟಿಗೆಗೆ 70 ಡಾಲರ್ ಆಯಿತು. ಹೆಂಡತಿ ಪ್ಲೇಯರ್ ಗಾತ್ರ ನೋಡಿ ಒಂದೇ ಪ್ರಶ್ನೆ ಕೇಳಿದಳು: "ರೀ, ಇದನ್ನ ಎಲ್ಲಿ ಇಡ್ತೀರಿ?" ಗರಾಜಿನಲ್ಲಿ ಇಟ್ಟೆ.

ಪ್ಲಗ್ ಹಾಕಿದೆ. ದೀಪ ಹತ್ತಿತು. ಟ್ರೇ ತೆರೆಯೋ ಗುಂಡಿ ಒತ್ತಿದರೆ ಒಳಗೆ ಮೋಟರ್ ಗುಂಯ್ ಅನ್ನುತ್ತೆ, ಟ್ರೇ ಅಲುಗಲ್ಲ. ಇದು ಆ ಕಾಲದ ಯಾವ ಪ್ಲೇಯರ್ ತೆಗೆದುಕೊಂಡರೂ ಮೊದಲು ಸಿಗುವ ಕಾಯಿಲೆ: ರಬ್ಬರ್ ಬೆಲ್ಟ್ ಸತ್ತಿರುತ್ತೆ. ಮುಚ್ಚಳದ ಸ್ಕ್ರೂ ಬಿಚ್ಚಿ ನೋಡಿದರೆ ಬೆಲ್ಟು ಸಡಿಲವಾಗಿ, ಹೊಳಪು ಬಂದು, ಪುಲ್ಲಿಯ ಮೇಲೆ ಜಾರುತ್ತಿತ್ತು. ಹೊಸದು ತರಿಸಲು ನಾಲ್ಕು ದಿನ. ಅಷ್ಟು ತಾಳ್ಮೆ ಯಾರಿಗಿದೆ? ಅಡುಗೆಮನೆಯಲ್ಲಿ ಕೊತ್ತಂಬರಿ ಕಟ್ಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ತಂದು ಹಾಕಿದೆ. ಟ್ರೇ ಹೊರಗೆ ಬಂತು! ಒಂದು ಗಂಟೆ ಕೆಲಸ ಮಾಡಿ ಅದು ಪುಟ್ ಅಂತ ಹರಿಯಿತು. ಆದರೆ ಅಷ್ಟರಲ್ಲಿ ಮಿಕ್ಕ ಕಾಯಿಲೆಗಳು ಏನು ಅಂತ ತಿಳಿದಿತ್ತು.

ಡಿಸ್ಕ್ ತಿರುಗುತ್ತಿತ್ತು, ಎರಡು ನಿಮಿಷ ತಿಣುಕಿ ನಿಂತುಬಿಡುತ್ತಿತ್ತು. ಲೇಸರ್ ಓಡಾಡುವ ಕಂಬಿಯ ಮೇಲಿನ ಗ್ರೀಸ್ ಒಣಗಿ ಮೇಣದ ಹಾಗೆ ಆಗಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿ ತೆಗೆದೆ, ಹೊಸ ಗ್ರೀಸ್ ತೆಳ್ಳಗೆ ಸವರಿದೆ. ತೆಳ್ಳಗೆ ಅಂದರೆ ತೆಳ್ಳಗೆ, ಬೆಣ್ಣೆ ಮೆತ್ತಿದ ಹಾಗಲ್ಲ. ಲೆನ್ಸ್‌ಗೆ ಇಯರ್‌ಬಡ್, ಒಂದು ಹನಿ ಆಲ್ಕೊಹಾಲ್, ಒತ್ತದೆ ಒಂದು ಸುತ್ತು. ಈ ಲೆನ್ಸ್ ಸಣ್ಣ ಸ್ಪ್ರಿಂಗುಗಳ ಮೇಲೆ ತೇಲುತ್ತಿರುತ್ತೆ, ಜೋರು ಮಾಡಿದರೆ ಮುಗೀತು.

ಈ ಪ್ಲೇಯರ್ ಡಿಸ್ಕನ್ನು ತಿರುಗಿಸಿ ಹಾಕದೆ ಎರಡೂ ಬದಿ ಓದುವ ಜಾತಿಯದು. ಲೇಸರ್ ಯು ಆಕಾರದ ಕಂಬಿ ಹಿಡಿದು ಕೆಳಗಿಂದ ಮೇಲಕ್ಕೆ ಹೋಗಿ ಮಗುಚಿಕೊಳ್ಳುತ್ತೆ. ನೋಡೋಕೆ ಬಲು ಚಂದ. ನನ್ನದು ಮಾತ್ರ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎರಡು ಸಂಜೆ ಹಾಳು ಮಾಡಿಕೊಂಡೆ. ಹಲ್ಲಿನ ಚಕ್ರ ಒಂದು ಬಿರುಕು ಬಿಟ್ಟಿತ್ತು, ಅಂಟು ಹಾಕಿದರೂ ನಿಲ್ಲಲಿಲ್ಲ. ಕೊನೆಗೆ ಕೈಬಿಟ್ಟೆ. ಡಿಸ್ಕನ್ನು ಕೈಯಲ್ಲೇ ತಿರುಗಿಸಿ ಹಾಕಿದರೆ ನನಗೇನು ಕೈ ಸವೆಯುತ್ತಾ?

ಪಯೋನಿಯರ್ ಕಂಪನಿ 2009ರಲ್ಲಿ ಲೇಸರ್‌ಡಿಸ್ಕ್ ಪ್ಲೇಯರ್ ಮಾಡೋದನ್ನೇ ನಿಲ್ಲಿಸಿತು. ಅಂದರೆ ಇನ್ನು ಮುಂದೆ ಇರುವುದೆಲ್ಲ ಬರೀ ಬಿಡಿಭಾಗದ ಬೇಟೆ. ನಿಮ್ಮ ಹತ್ತಿರ ಕೆಟ್ಟ ಪ್ಲೇಯರ್ ಇದ್ದರೂ ಎಸೆಯಬೇಡಿ.

ಕೇಬಲ್ ಹಾಕಿ ರೆಕಾರ್ಡ್ ಮಾಡಿದರೆ ಸಾಲದಾ?

ಸಾಕು, ಬರೀ ನೋಡಬೇಕು ಅಂದರೆ. ಆದರೆ ಡಿಸ್ಕಿನಲ್ಲಿರೋದು ಡಿಜಿಟಲ್ ಚಿತ್ರ ಅಲ್ಲ, ಕಾಂಪೊಸಿಟ್ ವಿಡಿಯೋ. ಬಣ್ಣ ಮತ್ತು ಬೆಳಕು ಎರಡೂ ಒಂದೇ ಅಲೆಯಲ್ಲಿ ಕಲಸಿದ ಅವಲಕ್ಕಿಯ ಹಾಗೆ ಸೇರಿರುತ್ತವೆ. ಅದನ್ನು ಬೇರೆ ಮಾಡುವ ಕೆಲಸ ಪ್ಲೇಯರ್ ಅಥವಾ ಟಿವಿಯೊಳಗಿನ ಮೂವತ್ತು ವರ್ಷ ಹಳೇ ಚಿಪ್ಪಿನದು. ಅದು ತಪ್ಪು ಮಾಡಿದರೆ ಆ ತಪ್ಪೂ ಸೇರಿಯೇ ರೆಕಾರ್ಡ್ ಆಗುತ್ತೆ.

ಇದಕ್ಕೆ ಡೋಮ್ಸ್‌ಡೇ ಡೂಪ್ಲಿಕೇಟರ್ ಅಂತ ಒಂದು ಓಪನ್ ಸೋರ್ಸ್ ಬೋರ್ಡ್ ಇದೆ. ಬಿಬಿಸಿಯವರು 1986ರಲ್ಲಿ ಲೇಸರ್‌ಡಿಸ್ಕಿನಲ್ಲಿ ತಂದ ಡೋಮ್ಸ್‌ಡೇ ಪ್ರಾಜೆಕ್ಟನ್ನು ಉಳಿಸಿಕೊಳ್ಳಲು ಹುಟ್ಟಿದ ಕೆಲಸ ಅದು, ಹೆಸರೂ ಅಲ್ಲಿಂದಲೇ. ಅದು ಚಿತ್ರವನ್ನು ಹಿಡಿಯೋದೇ ಇಲ್ಲ. ಲೇಸರ್ ಓದಿದ ಕಚ್ಚಾ ಅಲೆಯನ್ನು ಸೆಕೆಂಡಿಗೆ 4 ಕೋಟಿ ಸಲ, 10 ಬಿಟ್‌ನಲ್ಲಿ ಅಳೆದು ಕಂಪ್ಯೂಟರಿಗೆ ಸುರಿಯುತ್ತೆ. ಮಿಕ್ಕಿದ್ದನ್ನೆಲ್ಲ ಎಲ್‌ಡಿ-ಡಿಕೋಡ್ ಅನ್ನೋ ಸಾಫ್ಟ್‌ವೇರ್ ಮಾಡುತ್ತೆ. ಪ್ಲೇಯರಿನಿಂದ ಬೇಕಾಗಿರೋದು ಡಿಸ್ಕ್ ತಿರುಗಿಸಿ ಲೇಸರ್ ಹಿಡಿದುಕೊಳ್ಳೋ ಕೆಲಸ ಅಷ್ಟೇ.

ಲೆಕ್ಕ ಹಾಕಿ: ಸೆಕೆಂಡಿಗೆ 50 ಮೆಗಾಬೈಟ್. ಈ ಡಿಸ್ಕುಗಳು ಸಿಎವಿ ಬಗೆಯವು, ಒಂದು ಸುತ್ತಿಗೆ ಒಂದು ಫ್ರೇಮ್, ಒಂದು ಬದಿಗೆ ಹೆಚ್ಚೆಂದರೆ 30 ನಿಮಿಷ. ಅಂದರೆ ಒಂದು ತುಂಬು ಬದಿಗೆ 90 ಗಿಗಾಬೈಟ್. 121 ನಿಮಿಷದ ಚಿತ್ರಕ್ಕೆ ಐದು ಬದಿ, ಒಟ್ಟು ಸುಮಾರು 363 ಗಿಗಾಬೈಟ್. 272 ಸಾಲಿನ ಚಿತ್ರಕ್ಕೆ!

ಪ್ಲೇಯರಿನ ಬೋರ್ಡಿನ ಮೇಲೆ ಆರ್‌ಎಫ್ ಅಂತ ಬರೆದ ಟೆಸ್ಟ್ ಪಾಯಿಂಟ್ ಇತ್ತು, ಆ ಕಚ್ಚಾ ಅಲೆ ಸಿಗುವ ಜಾಗ. ಅಲ್ಲಿಂದ ತೆಳ್ಳನೆ ಕೋಆಕ್ಸ್ ವೈರ್ ಬೆಸುಗೆ ಹಾಕಿ, ಹಿಂದಿನ ತಗಡಿಗೆ ತೂತು ಕೊರೆದು ಹೊರಗೆ ತಂದೆ. ಮೊದಲ ಕ್ಯಾಪ್ಚರ್ ಪೂರ್ತಿ ಹಾಳು. ಗೇನ್, ಅಂದರೆ ಅಲೆಯನ್ನು ಹಿಗ್ಗಿಸುವ ಮಟ್ಟ, ಜಾಸ್ತಿ ಇಟ್ಟಿದ್ದೆ, ಅಲೆಯ ತಲೆ ಬುಡ ಎರಡೂ ಕತ್ತರಿಸಿಹೋಗಿತ್ತು. ಎರಡನೆಯದರಲ್ಲಿ ಚಿತ್ರ ಬಂತು, ಅದರ ಮೇಲೆ ಓರೆ ಓರೆ ಗೆರೆಗಳೂ ಬಂದವು. ವೈರಿನ ಕವಚವನ್ನು ಗ್ರೌಂಡಿಗೆ ಸರಿಯಾಗಿ ಬೆಸೆದಿರಲಿಲ್ಲ. ಮೂರನೆಯದರಲ್ಲಿ ಹತ್ತು ನಿಮಿಷಕ್ಕೊಮ್ಮೆ ಡೇಟಾ ತಪ್ಪುತ್ತಿತ್ತು, ಕಾರಣ ನಾನು ಯುಎಸ್‌ಬಿ ಹಬ್ ಮೂಲಕ ಹಾಕಿದ್ದೆ. ನೇರ ಪೋರ್ಟಿಗೆ ಹಾಕಿ, ಎಸ್‌ಎಸ್‌ಡಿಗೆ ಬರೆಸಿದ ಮೇಲೆ ಸರಿಹೋಯಿತು. ಇಷ್ಟಕ್ಕೆ ಮೂರು ವಾರ.

ಡಿಕೋಡ್ ಮಾಡೋಕೆ ನನ್ನ ಹಳೇ ಕಂಪ್ಯೂಟರಿನಲ್ಲಿ ಸೆಕೆಂಡಿಗೆ ನಾಲ್ಕೈದು ಫ್ರೇಮ್. ರಾತ್ರಿ ಮಲಗುವಾಗ ಹಾಕಿ ಬೆಳಗ್ಗೆ ಕಾಫಿ ಹೊತ್ತಿಗೆ ನೋಡೋದು. ಬಣ್ಣ ಬೇರೆ ಮಾಡುವ ಹಂತದಲ್ಲಿ ಹಿಂದಿನ ಮುಂದಿನ ಫ್ರೇಮುಗಳನ್ನೂ ಹೋಲಿಸಿ ನೋಡುವ ಆಯ್ಕೆ ಕೊಟ್ಟೆ. ಹಳದಿ ಅಕ್ಷರಗಳ ಅಂಚಿನಲ್ಲಿ ಕುಣಿಯುತ್ತಿದ್ದ ಕಾಮನಬಿಲ್ಲು ಬಹಳ ಮಟ್ಟಿಗೆ ಹೋಯಿತು. ಆಮೇಲೆ ಟೆಲಿಸಿನಿ ಬಿಡಿಸೋದು. ಫಿಲಂ ಸೆಕೆಂಡಿಗೆ 24 ಚಿತ್ರ, ಅಮೆರಿಕದ ಟಿವಿ ಸುಮಾರು 30. ಅದಕ್ಕೇ ನಾಲ್ಕು ಫಿಲಂ ಚಿತ್ರಗಳನ್ನು ಹತ್ತು ಅರ್ಧಚಿತ್ರಗಳಾಗಿ ಹಂಚಿಟ್ಟಿರುತ್ತಾರೆ. ಅವನ್ನು ಮತ್ತೆ ಜೋಡಿಸಿ ನಾಲ್ಕೇ ಮಾಡಬೇಕು. ಸ್ಕ್ರಿಪ್ಟ್ ಮಾಡುತ್ತೆ, ಆದರೆ ಪ್ರತಿ ಬದಿ ಶುರುವಾಗುವಲ್ಲಿ ಕಣ್ಣಲ್ಲೇ ಪರೀಕ್ಷಿಸಿದೆ.

ಯಾವ ಮೂಲ?

ಇಲ್ಲಿಂದ ನಿಜವಾದ ತಲೆನೋವು. ರಿಪೇರಿ ಅಲ್ಲ, ಆಯ್ಕೆ.

ಮೊದಲ ಬದಿ ಹಾಕಿ ಸಂಭ್ರಮದಿಂದ ನೋಡ್ತೀನಿ, ಮೇಲೇರುವ ಅಕ್ಷರಗಳಲ್ಲಿ "ಎಪಿಸೋಡ್ 4, ಎ ನ್ಯೂ ಹೋಪ್" ಅಂತಿದೆ. 1977ರಲ್ಲಿ ಅದು ಇರಲಿಲ್ಲ. 1981ರ ಮರುಬಿಡುಗಡೆಯಲ್ಲಿ ಸೇರಿಸಿದ್ದು. ಅಂದರೆ ನಾನು ಇಷ್ಟು ಕಷ್ಟಪಟ್ಟು ತೆಗೆದದ್ದೂ 'ಮೂಲ' ಅಲ್ಲ. 2006ರ ಡಿವಿಡಿಯಲ್ಲಿ ಮಾತ್ರ 1977ರ ಶುರುವಿನ ಅಕ್ಷರಗಳೇ ಇವೆ. ಇನ್ನು ಧ್ವನಿಗೆ ಬಂದರೆ 1977ರಲ್ಲೇ ಮೂರು ಮಿಶ್ರಣಗಳಿದ್ದವು: 70 ಎಂಎಂ ಪ್ರತಿಗಳಿಗೆ ಆರು ಟ್ರ್ಯಾಕಿನದು, 35 ಎಂಎಂಗೆ ಡಾಲ್ಬಿ ಸ್ಟೀರಿಯೋ, ಮಿಕ್ಕ ಥಿಯೇಟರುಗಳಿಗೆ ಮೋನೋ. ಮೋನೋದಲ್ಲಿ ಕೆಲವು ಮಾತುಗಳೇ ಬೇರೆ, ನಾಯಕ ಲ್ಯೂಕನ ಅತ್ತೆ ಬೆರೂ ಧ್ವನಿಯೂ ಬೇರೆ. ಒಂದೇ ಊರಿನ ಎರಡು ಥಿಯೇಟರಿನಲ್ಲಿ ನೋಡಿದವರು ಬೇರೆ ಬೇರೆ ಮಾತು ಕೇಳಿಸಿಕೊಂಡು ಬಂದಿರಬಹುದು.

ನಾನು ಚಿಕ್ಕವನಿದ್ದಾಗ ನೋಡಿದ್ದಾದರೂ ಮೂಲವಾ? ಶಿವಮೊಗ್ಗದಲ್ಲಿ ವಿಡಿಯೋ ಲೈಬ್ರರಿಯಿಂದ ತಂದ ಕ್ಯಾಸೆಟ್ಟು, ಪಕ್ಕದ ಮನೆಯವರ ವಿಸಿಆರ್. ಚೌಕ ಟಿವಿಗೆ ತುಂಬಿಸಲು ಅಗಲ ಚಿತ್ರದ ಎರಡೂ ಪಕ್ಕ ಕತ್ತರಿಸಿ, ಸುಮಾರು ಶೇಕಡಾ 43ರಷ್ಟು ಚಿತ್ರ ಎಸೆದಿದ್ದರು. ನಮ್ಮದು ಪಾಲ್ ಅನ್ನೋ ಟಿವಿ ಪದ್ಧತಿಯ ದೇಶ, ಸೆಕೆಂಡಿಗೆ 25 ಫ್ರೇಮು, ಹಾಗಾಗಿ ಇಡೀ ಚಿತ್ರ ಶೇಕಡಾ 4ರಷ್ಟು ಬೇಗ ಓಡಿ ಮುಗಿಯುತ್ತಿತ್ತು, ಎಲ್ಲರ ಧ್ವನಿಯೂ ಒಂದು ಎಳೆ ಕೀರಲು. ನಾನು ಮಗನಿಗೆ ತೋರಿಸ್ತೀನಿ ಅಂತ ಎದೆ ತಟ್ಟಿಕೊಂಡ 'ಒರಿಜಿನಲ್' ಇದು!

ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಸ್ಟಾರ್ ವಾರ್ಸ್ ಗೊತ್ತಿಲ್ಲ, ಕಸ್ತೂರಿ ನಿವಾಸ ಗೊತ್ತು. 1971ರ ಆ ಚಿತ್ರಕ್ಕೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದಾಗ ಅವರು ಹೋಗಿ ನೋಡಿದ್ದರು. "ಚೆನ್ನಾಗೇ ಇತ್ತು ಕಣೋ. ಆದ್ರೆ ಆಮೇಲೆ ಮನೆಗೆ ಬಂದು ಕಪ್ಪು ಬಿಳುಪಿನದನ್ನೇ ಹಾಕಿ ನೋಡಿದೆ" ಅಂದರು. ನೋಡಿ, ಅವರಿಗೆ ಮನೆಗೆ ಬಂದು ಹಾಕಿಕೊಳ್ಳೋಕೆ ಹಳೇದು ಇತ್ತು. ಸ್ಟಾರ್ ವಾರ್ಸ್ ನಿರ್ದೇಶಕ ಲೂಕಾಸ್ ತಮ್ಮ ಚಿತ್ರವನ್ನು ಹತ್ತು ಸಲ ಬದಲಾಯಿಸಲಿ, ಅವರ ಚಿತ್ರ. ನನ್ನ ತಕರಾರು, ಹಳೇದನ್ನು ಅಂಗಡಿಯಿಂದ ಎತ್ತಿಟ್ಟಿದ್ದಕ್ಕೆ. 1997ರ ಕೆಲಸಕ್ಕೆ ಮೂಲ ನೆಗೆಟಿವ್‌ನಿಂದಲೇ ತುಣುಕು ತೆಗೆದು ಹೊಸದನ್ನು ಜೋಡಿಸಿದರು.

ಬೇರೆಯವರು ಇದನ್ನು ನೆಟ್ಟಗೆ ಮಾಡಿದ್ದಾರೆ. ಬ್ಲೇಡ್ ರನ್ನರ್‌ನ 2007ರ ಐದು ಡಿಸ್ಕಿನ ಪೆಟ್ಟಿಗೆಯಲ್ಲಿ ಐದು ಆವೃತ್ತಿ ಇವೆ: ವರ್ಕ್‌ಪ್ರಿಂಟ್ (ಬಿಡುಗಡೆಗೆ ಮುಂಚಿನ ಕರಡು), 1982ರ ಅಮೆರಿಕದ್ದು, ಹೊರದೇಶದ್ದು, 1992ರ ಡೈರೆಕ್ಟರ್ಸ್ ಕಟ್, 2007ರ ಫೈನಲ್ ಕಟ್. ನನಗೆ ಫೈನಲ್ ಕಟ್ಟೇ ಇಷ್ಟ. ಹಿನ್ನೆಲೆ ಮಾತಿರುವ 1982ರದ್ದು ಸ್ವಲ್ಪ ಕೊರೆತ, ಆದರೂ ಅದು ಕಪಾಟಿನಲ್ಲಿ ಇರಬೇಕು. ಇ.ಟಿ.ಯಲ್ಲಿ 2002ಕ್ಕೆ ಪೊಲೀಸರ ಬಂದೂಕು ಅಳಿಸಿ ವಾಕಿಟಾಕಿ ಹಿಡಿಸಿದ್ದರು, 2012ರ ಬ್ಲೂರೇಗೆ ಬರುವಷ್ಟರಲ್ಲಿ ಸ್ಪೀಲ್‌ಬರ್ಗ್ ಹಳೆಯದಕ್ಕೇ ವಾಪಸಾದರು. ಹಳೇ ಸ್ಟಾರ್ ಟ್ರೆಕ್ ಸರಣಿಯ ಬ್ಲೂರೇಯಲ್ಲಂತೂ ಹಳೇ ಎಫೆಕ್ಟ್ ಬೇಕಾ ಹೊಸದು ಬೇಕಾ ಅಂತ ರಿಮೋಟಿನಲ್ಲೇ ಆರಿಸಿಕೊಳ್ಳಬಹುದು. ಕೊಳ್ಳುವವರಿದ್ದರೆ ಇಂಥವನ್ನೇ ಕೊಳ್ಳಿ, ಡಬ್ಬಿಯ ಹಿಂದೆ ಯಾವ ಆವೃತ್ತಿ ಅಂತ ಓದಿ. 'ರೀಮಾಸ್ಟರ್ಡ್' ಅನ್ನೋ ಪದ ನಂಬಬೇಡಿ, ಅದರೊಳಗೆ ಏನು ಬೇಕಾದರೂ ಇರುತ್ತೆ.

ನಾನೂ ಕೈ ಹಾಕಿದೆ

ಡಿಕೋಡ್ ಆದ ಫೈಲ್ ಮುಂದೆ ಕೂತಾಗ ಕೈ ತುರಿಸೋಕೆ ಶುರುವಾಯಿತು. ಟೈ ಫೈಟರ್ ವಿಮಾನಗಳ ಸುತ್ತ ಬೂದು ಬಣ್ಣದ ಚೌಕ ಕಾಣುತ್ತೆ, ಮಾದರಿಯನ್ನು ಕತ್ತರಿಸಿ ಆಕಾಶದ ಮೇಲೆ ಅಂಟಿಸಿದ ಗುರುತು. ಒಂದು ಭಾನುವಾರ ಪೂರ್ತಿ ಕೂತು ಹನ್ನೆರಡು ಶಾಟುಗಳಲ್ಲಿ ಆ ಚೌಕಗಳನ್ನು ಅಳಿಸಿದೆ. ಚೆನ್ನಾಗೇ ಬಂತು. ಹಾಗೇ ಮುಂದುವರಿದು ಲ್ಯೂಕನ ತೇಲುವ ಗಾಡಿ ಕೆಳಗೆ ಕಾಣುವ ಕಿತ್ತಳೆ ಕಲೆಯನ್ನೂ ಒರೆಸೋಕೆ ಹೋದೆ. ಚಕ್ರ ಮರೆಮಾಡಲು ಆಗ ಮಾಡಿದ ಉಪಾಯದ ಕಲೆ ಅದು. ಅರ್ಧ ಒರೆಸಿದ ಮೇಲೆ ಹೊಳೆಯಿತು, ಇದನ್ನೇ ತಾನೇ 1997ರಲ್ಲಿ ಅವರು ಅಳಿಸಿದ್ದು! ನಾನು ಗರಾಜಿನಲ್ಲಿ ಕೂತು ಎರಡನೇ ಸ್ಪೆಷಲ್ ಎಡಿಷನ್ ಮಾಡ್ತಾ ಇದ್ದೆ.

ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಯೋಚಿಸಿದೆ. ಕಿತ್ತಳೆ ಕಲೆ ಅವತ್ತು ಥಿಯೇಟರಿನಲ್ಲೂ ಕಂಡಿತ್ತು, ಅದು ಇರಲಿ. ಚೌಕಗಳ ಕಥೆ ಬೇರೆ. ಥಿಯೇಟರಿನ ಪ್ರತಿ ಇದಕ್ಕಿಂತ ಕಡು, ಆಕಾಶದ ಕಪ್ಪಿನಲ್ಲಿ ಅವು ಬಹುಪಾಲು ಮುಳುಗಿಹೋಗುತ್ತಿದ್ದವು. ವಿಡಿಯೋಗೆ ಇಳಿಸುವಾಗ ಬೆಳಕು ಎತ್ತಿದ್ದರಿಂದ ಎದ್ದು ಕಂಡವು. ಹಾಗಾದರೆ ಬ್ರಷ್ ಹಿಡಿದು ಅಳಿಸೋದು ಬೇಡ, ಕಪ್ಪಿನ ಮಟ್ಟ ಇಳಿಸಿದರೆ ಸಾಕು. ಇಳಿಸಿದೆ. ಚೌಕಗಳು ಮುಕ್ಕಾಲು ಪಾಲು ಮಾಯ. ಉಳಿದದ್ದು ಉಳಿಯಲಿ.

ಬಣ್ಣದ ವಿಷಯದಲ್ಲಿ ಮಾತ್ರ ಧೈರ್ಯ ಸಾಲಲಿಲ್ಲ. ಆಗಿನ ಈಸ್ಟ್‌ಮನ್ ಪ್ರತಿಗಳು ಕಾಲ ಕಳೆದಂತೆ ಗುಲಾಬಿಗೆ ತಿರುಗುತ್ತವೆ, ಟೆಕ್ನಿಕಲರ್ ವಿಧಾನದವು ಹಾಗೆ ಮಾಸೋದಿಲ್ಲ. ಅಂಥ ಒಂದು 1977ರ ಟೆಕ್ನಿಕಲರ್ ಪ್ರತಿಯನ್ನು 2025ರ ಜೂನ್‌ನಲ್ಲಿ ಲಂಡನ್ನಿನ ಬಿಎಫ್ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) ನವರು ತೋರಿಸಿದರು. ಅದನ್ನು ಕಣ್ಣಾರೆ ನೋಡಿದವನು ಬಣ್ಣ ತಿದ್ದಬಹುದೇನೋ. ನಾನು ನೋಡಿಲ್ಲ, ಮುಟ್ಟಲಿಲ್ಲ. ಇನ್ನು 1993ರ ಮಾಸ್ಟರ್ ಮಾಡುವಾಗಲೇ ಫಿಲಂನ ಕಾಳು ಕಾಳಾದ ಚುಕ್ಕೆ (ಗ್ರೇನ್) ತೆಗೆಯೋಕೆ ಹೋಗಿ ಅಂಚುಗಳನ್ನೂ ಕಲಸಿಬಿಟ್ಟಿದ್ದಾರೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಅದನ್ನು ವಾಪಸ್ ತರೋಕೆ ಯಾರಿಂದಲೂ ಆಗಲ್ಲ. ಎಐ ಹಾಕಿ ಚುರುಕು ಮಾಡಿ ನೋಡಿದೆ, ಓಬಿ-ವಾನ್ ಮುಖ ಮೇಣದ ಗೊಂಬೆ ಆಯಿತು. ತೆಗೆದುಹಾಕಿದೆ.

ಈಗ ಡ್ರೈವ್‌ನಲ್ಲಿ ಎರಡು ಫೋಲ್ಡರ್ ಇವೆ. ಒಂದರಲ್ಲಿ ಡಿಸ್ಕಿನಿಂದ ಬಂದ ಕಚ್ಚಾ ಅಲೆ, ಕುಗ್ಗಿಸಿ ಇಟ್ಟಿದ್ದು, ಅದಕ್ಕೆ ಯಾವತ್ತೂ ಕೈ ಹಚ್ಚಲ್ಲ. ಇನ್ನೊಂದರಲ್ಲಿ ನೋಡೋ ಫೈಲು: ಟೆಲಿಸಿನಿ ಬಿಡಿಸಿದೆ, ಕಪ್ಪು ಇಳಿಸಿದೆ, ಶುರುವಿನ ಅಕ್ಷರಗಳನ್ನು 2006ರ ಡಿವಿಡಿಯಿಂದ ತಂದು ಜೋಡಿಸಿದೆ. ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲ್, ಏನೇನು ಬದಲಾಯಿಸಿದೆ ಅಂತ ಸಾಲು ಸಾಲಾಗಿ ಬರೆದಿದ್ದೀನಿ. ಅಕ್ಷರ ಬದಲಿಸಿದ್ದು ರಿಪೇರಿಯಾ ತಿದ್ದುಪಡಿಯಾ ಅಂತ ಇನ್ನೂ ನಂಗೇ ಖಾತ್ರಿಯಿಲ್ಲ, ಅದನ್ನೂ ಅಲ್ಲೇ ಬರೆದೆ.

ಕಳೆದ ಶನಿವಾರ ಮಗನನ್ನು ಕೂರಿಸಿ ತೋರಿಸಿದೆ. ಹಾನ್ ಮೇಜಿನ ಕೆಳಗಿಂದ ಹೊಡೆದ, ಗ್ರೀಡೋ ಬಿದ್ದ. ಮಗ "ಓ, ಹೀಗಾ!" ಅಂತ ನಕ್ಕ. ಗೆದ್ದೆ ಅಂದುಕೊಂಡೆ. ಕೊನೆಯಲ್ಲಿ ಶತ್ರುಗಳ ದೈತ್ಯ ಬಾಹ್ಯಾಕಾಶ ನೆಲೆ ಡೆತ್ ಸ್ಟಾರ್ ಸಿಡಿದಾಗ ಮುಖ ಸಪ್ಪಗೆ ಮಾಡಿದ. 1997ರದ್ದರಲ್ಲಿ ಸ್ಫೋಟದಿಂದ ದೊಡ್ಡ ಬೆಂಕಿ ಉಂಗುರ ಹರಡಿಕೊಳ್ಳುತ್ತಲ್ಲ, ಇದರಲ್ಲಿ ಅದಿಲ್ಲ. "ಅಪ್ಪಾ, ಆ ರಿಂಗ್ ಎಲ್ಲಿ? ಅದು ಸೂಪರ್ ಇತ್ತು." ಅವನಿಗೆ ಸ್ಟ್ರೀಮಿಂಗ್‌ನದ್ದೂ ಇದೆ, ಹಾಕಿಕೊಂಡು ನೋಡಲಿ.

ನಾಲ್ಕನೇ ಬದಿ ಸರಿಮಾಡೋದು ಇನ್ನೂ ಬಾಕಿ. ಅದರಲ್ಲಿ ಲೇಸರ್ ರಾಟ್ ಶುರುವಾಗಿದೆ, ಒಳಗಿನ ಅಲ್ಯೂಮಿನಿಯಂ ಪದರ ಕೊಳೆಯುತ್ತಿದೆ, ಪರದೆ ಮೇಲೆ ಇರುವೆ ಮುತ್ತಿದ ಹಾಗೆ ಚುಕ್ಕೆಗಳು. ಅದೇ ಡಿಸ್ಕಿನ ಇನ್ನೊಂದು ಪ್ರತಿ ಸಿಕ್ಕರೆ ಎರಡನ್ನೂ ಒಂದರ ಮೇಲೊಂದು ಇಟ್ಟು, ಒಂದರ ತೂತನ್ನು ಇನ್ನೊಂದರಿಂದ ಮುಚ್ಚಬಹುದು. ಒರೆಗಾನ್‌ನಲ್ಲಿ ಒಬ್ಬರು ಬಿಡಿ ಡಿಸ್ಕ್ ಮಾರ್ತಾ ಇದ್ದಾರೆ, 12 ಡಾಲರ್. ಹೆಂಡತಿಗೆ ಇನ್ನೂ ಹೇಳಿಲ್ಲ.